ಹರಿದ ಚೀಲ ಯಾರದು: ದಾವಣಗೆರೆಯ ಒಂದು ಚಿತ್ರಕಥೆ ತನ್ನ ದನಿಯನ್ನು ಕಂಡುಕೊಂಡ ಬಗೆ

ದಾವಣಗೆರೆಯ ಎಪಿಎಂಸಿ ಅಂಗಳದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಹಿಳೆಯೊಬ್ಬರು ಪೂರ್ಣಾವಧಿಯ ಚಿತ್ರಕಥೆಯೊಂದನ್ನು ಮೂರು ಬಾರಿ ಬರೆದಿದ್ದಾರೆ. ಆ ಮೂರು ಕರಡುಗಳನ್ನು ಈ ಬರಹ ಪರಿಶೀಲಿಸುತ್ತದೆ. ಲೇಖಕಿಯ ಕೋರಿಕೆಯಂತೆ ಅವರ ಹೆಸರನ್ನಾಗಲಿ ಚಿತ್ರಕಥೆಯ ಶೀರ್ಷಿಕೆಯನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಉದ್ಧರಿಸಿರುವ ಭಾಗಗಳಿಗೆ ಅವರ ಒಪ್ಪಿಗೆಯಿದೆ. ಮೂರು ಕರಡುಗಳಲ್ಲಿಯೂ ಕಥೆ ಒಂದೇ, ಪಾತ್ರಗಳೂ ಹೆಚ್ಚುಕಡಿಮೆ ಅವೇ. ಆದರೂ ಮೊದಲ ಕರಡನ್ನು ಓದಿದವರಿಗೆ ಬರೆದವರು ಯಾರಿರಬಹುದು ಎಂಬ ಕುತೂಹಲವೇ ಹುಟ್ಟಲಿಲ್ಲ. ಮೂರನೆಯದನ್ನು ಓದುವಾಗ, ಇದನ್ನು ಬರೆದವರು ಲೆಕ್ಕದ ಪುಸ್ತಕದ ಮುಂದೆ ಬಹಳ ಕಾಲ ಕುಳಿತವರು ಎಂದು ಮೊದಲ ಹತ್ತು ಪುಟಗಳಲ್ಲೇ ತಿಳಿಯುತ್ತದೆ, ಹಾಗೆಂದು ಎಲ್ಲಿಯೂ ಹೇಳಿಲ್ಲವಾದರೂ.

ಕನ್ನಡ ಚಿತ್ರಗಳ ಶೀರ್ಷಿಕೆ ಪಟ್ಟಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನಮೂದಿಸುವ ರೂಢಿಯಿದೆ. ಈ ವಿಭಜನೆಗೆ ಅದರದೇ ಆದ ಉಪಯೋಗಗಳಿವೆ, ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಬರಹಗಾರನ ದನಿ ಎಂದರೆ ಸಂಭಾಷಣೆಯ ಚಮತ್ಕಾರ, ಉಳಿದದ್ದೆಲ್ಲ ಕ್ಯಾಮೆರಾದವರಿಗೆ ಕೊಡುವ ಸೂಚನೆ ಎಂದು ಹೊಸಬರು ನಂಬಿಬಿಡುತ್ತಾರೆ. ನಾನು ಓದಿದ ಹಸ್ತಪ್ರತಿಗಳ ಅನುಭವ ಇದಕ್ಕೆ ವಿರುದ್ಧವಾಗಿದೆ. ಬರೆಯುವವರು ಏನನ್ನು ನೋಡುತ್ತಾರೆ, ಯಾವ ಕ್ಷಣದಲ್ಲಿ ದೃಶ್ಯದೊಳಗೆ ಕಾಲಿಡುತ್ತಾರೆ, ಎಲ್ಲಿ ಹೊರಬರುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ ಎಂಬುದರಲ್ಲಿ ದನಿ ಮೊದಲು ಮೂಡುತ್ತದೆ. ಪಾತ್ರಗಳ ಮಾತಿಗೆ ಅದು ಆಮೇಲೆ ಇಳಿಯುತ್ತದೆ. ಈ ಪ್ರಕರಣ ಆ ಕ್ರಮವನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುವುದರಿಂದ ಅದನ್ನು ವಿವರವಾಗಿ ದಾಖಲಿಸುವುದು ಉಚಿತವೆನಿಸಿತು.

ಕಥೆಯ ಹಂದರ

ದಾವಣಗೆರೆ ಮೆಕ್ಕೆಜೋಳದ ಸೀಮೆ. ಮುಂಗಾರಿನ ಬೆಳೆ ಅಕ್ಟೋಬರ್‌ ಹೊತ್ತಿಗೆ ಕೊಯ್ಲಿಗೆ ಬಂದು, ನವೆಂಬರ್‌ ವೇಳೆಗೆ ಮಾರುಕಟ್ಟೆಯ ಅಂಗಳವೂ ಊರ ಹೊರಗಿನ ರಸ್ತೆಗಳೂ ಒಣಹಾಕಿದ ಕಾಳಿನಿಂದ ಹಳದಿಯಾಗುತ್ತವೆ. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಕಾಳಿನ ತೇವಾಂಶ ಶೇ. 14 ಮೀರುವಂತಿಲ್ಲ, ಖಾಸಗಿ ವ್ಯಾಪಾರದಲ್ಲಿಯೂ ತೇವ ಏರಿದಷ್ಟು ದರ ಇಳಿಯುತ್ತದೆ. ಹಿಂಗಾರಿನ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಇಡೀ ವರ್ಷದ ಲೆಕ್ಕ ತೇವಾಂಶ ಅಳೆಯುವ ಪುಟ್ಟ ಯಂತ್ರ ತೋರಿಸುವ ಎರಡು ಅಂಕಿಗಳ ಮೇಲೆ ನಿಲ್ಲುತ್ತದೆ.

ಚಿತ್ರಕಥೆಯ ನಾಯಕಿ ದುಗ್ಗವ್ವ ಈ ಅಂಗಳದಲ್ಲಿ ಚೆಲ್ಲಿದ ಕಾಳನ್ನು ಗುಡಿಸಿ, ಕೇರಿ, ಮಾರಿ ಬದುಕುವ ಹೆಂಗಸು. ಗಂಡ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವನು, ಗಿರಣಿ ಮುಚ್ಚಿದೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಒಂದು ಸಂಜೆ ಲಾರಿಗೆ ಏರಿಸುವಾಗ ರೈತನೊಬ್ಬನ ಚೀಲ ಹರಿದು ಕಾಳು ನೆಲಕ್ಕೆ ಸುರಿಯುತ್ತದೆ. ಚೆಲ್ಲಿದ ಕಾಳು ಯಾರದು? ತೂಕ ಮುಗಿದಿತ್ತೆಂದು ರೈತ ಹೇಳುತ್ತಾನೆ, ತಕ್‌ಪಟ್ಟಿ, ಅಂದರೆ ತೂಕದ ಚೀಟಿ, ಬರೆದಿಲ್ಲವೆಂದು ದಲಾಲಿ ಹೇಳುತ್ತಾನೆ, ಚೀಲವೇ ಜೀರ್ಣವಾಗಿತ್ತೆಂದು ಹಮಾಲಿ ಹೇಳುತ್ತಾನೆ. ನೆಲಕ್ಕೆ ಬಿದ್ದದ್ದು ಗುಡಿಸುವವರದು ಎಂಬ ಅಂಗಳದ ಅಲಿಖಿತ ರೂಢಿಯನ್ನು ದುಗ್ಗವ್ವ ಹಿಡಿದು ನಿಲ್ಲುತ್ತಾಳೆ. ಈ ಜಗಳ ಒಂದು ವಾರದಲ್ಲಿ ಇಡೀ ಅಂಗಳವನ್ನು ಸುತ್ತಿಕೊಳ್ಳುವುದೇ ಕಥೆ. ಎರಡು ಗಂಟೆಯ ಚಿತ್ರಕ್ಕೆ ಇಷ್ಟು ಸಣ್ಣ ವಸ್ತು ಸಾಲದೆಂದು, ಕರಡುಗಳನ್ನು ಒಟ್ಟಿಗೆ ಓದುತ್ತಿದ್ದ ನಮ್ಮ ಬಳಗದಲ್ಲಿ ಕೆಲವರಿಗೆ ಅನಿಸಿತ್ತು. ನನಗೆ ಹಾಗೆ ಅನಿಸಲಿಲ್ಲ.

ಚಪ್ಪಾಳೆಗಾಗಿ ಬರೆದ ಕರಡು

ಲೇಖಕಿ ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದವರು. ದಾವಣಗೆರೆಗೆ ವೃತ್ತಿ ರಂಗಭೂಮಿಯ ನಂಟು ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಟೆಂಟು ಬಿದ್ದರೆ ಮನೆಮಂದಿಯೆಲ್ಲ ಹೋಗಿ ಕೂರುವುದು ಅವರ ಬಾಲ್ಯದ ವಾಡಿಕೆ. ಕಂಪನಿ ನಾಟಕದ ಮಾತು ಕಟ್ಟಕಡೆಯ ಸಾಲಿನವರೆಗೆ ತಲುಪಬೇಕಾದ ಮಾತು. ಅದಕ್ಕೆ ಪ್ರಾಸ ಬೇಕು, ಎದುರೇಟು ಬೇಕು, ಚಪ್ಪಾಳೆ ಬೀಳಲು ಒಂದು ತಾವು ಬೇಕು. ಆ ರಂಗಭೂಮಿಗೆ ಅದು ದೋಷವಲ್ಲ, ಅದರ ವ್ಯಾಕರಣ. ಮೊದಲ ಕರಡು ಪೂರ್ತಿಯಾಗಿ ಆ ವ್ಯಾಕರಣದಲ್ಲಿತ್ತು. ಚೀಲ ಹರಿದ ದೃಶ್ಯದಲ್ಲಿ ದುಗ್ಗವ್ವ ಹೀಗೆ ಹೇಳುತ್ತಾಳೆ:

“ಕಾಳು ತೂಗೋ ತಕ್ಕಡಿ ನಿಮ್ಮಲ್ಲಿ ಐತಿ ಸಾವ್ಕಾರ್ರೆ, ಕಣ್ಣೀರು ತೂಗೋ ತಕ್ಕಡಿ ಐತೇನು? ಬಡವರ ಬೆವರು ನೆಲಕ್ಕೆ ಬಿದ್ರೆ ಕಸ, ಶ್ರೀಮಂತರ ಜೇಬಿಗೆ ಬಿದ್ರೆ ಕಾಸು!”

ಓದಿ ಕೇಳಿಸಿದಾಗ ಬಳಗದಲ್ಲಿ ಒಬ್ಬರು ನಿಜಕ್ಕೂ ಚಪ್ಪಾಳೆ ತಟ್ಟಿದರು. ತೊಂದರೆಯಿದ್ದದ್ದು ಅದರ ಮುಂದಿನ ಪುಟದಲ್ಲಿ. ಅಲ್ಲಿ ರೈತನೂ ಇದೇ ಧಾಟಿಯಲ್ಲಿ ಉತ್ತರಿಸುತ್ತಿದ್ದ, ದಲಾಲಿಯೂ ಇದೇ ಧಾಟಿಯಲ್ಲಿ ಗದರಿಸುತ್ತಿದ್ದ, ಹಮಾಲಿಯಂತೂ ಇವರಿಬ್ಬರಿಗಿಂತ ಒಂದು ಪ್ರಾಸ ಮುಂದಿದ್ದ. ಮಾತಿನ ಮಿಂಚು ಎಲ್ಲರಿಗೂ ಸಮನಾಗಿ ಹಂಚಿಹೋಗಿದ್ದರಿಂದ ಯಾರದೆಂದು ಗುರುತಿಸುವ ದಾರಿಯೇ ಇರಲಿಲ್ಲ. ಇಂಥ ಸಾಲನ್ನು ಅಂಗಳದ ಬದಲು ಪೊಲೀಸ್‌ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಮಂಟಪದಲ್ಲಿ ಇಟ್ಟರೂ ಅದು ಅಷ್ಟೇ ಚೆನ್ನಾಗಿ ಕೂರುತ್ತದೆ. ಎಲ್ಲಿ ಇಟ್ಟರೂ ಕೂರುವ ಸಾಲಿಗೆ ತನ್ನದೆಂಬ ಜಾಗ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಕರಡಿನ ಎರಡನೆಯ ಭಾಗದಲ್ಲಿ ಕಾರಣವಿಲ್ಲದೆ ಚಿತ್ರದುರ್ಗದ ಕೋಟೆಯ ಒಂದು ದೃಶ್ಯವಿತ್ತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಆ ಕಲ್ಲುಗಳ ನಡುವೆ ‘ನಾಗರಹಾವು’ ತೆಗೆದ ಮೇಲೆ, ಈ ಎರಡು ಜಿಲ್ಲೆಗಳಲ್ಲಿ ಚಿತ್ರಕಥೆ ಬರೆಯಹೊರಟವರು ಒಮ್ಮೆಯಾದರೂ ಕೋಟೆ ಹತ್ತದೆ ಇರುವುದು ಅಪರೂಪ. ದುಗ್ಗವ್ವ ಅಲ್ಲಿಗೆ ಏಕೆ ಹೋದಳು ಎಂದು ಕೇಳಿದಾಗ ಲೇಖಕಿ ನಕ್ಕರು. ದೃಶ್ಯ ಹೋಯಿತು.

ಊರನ್ನು ತುಂಬಿದ ಕರಡು

ಮೊದಲ ಕರಡನ್ನು ಹಿಡಿದು ಲೇಖಕಿ ಬೆಂಗಳೂರಿನಲ್ಲಿ ಒಬ್ಬ ನಿರ್ಮಾಪಕರಿಗೆ ನರೇಷನ್‌ ಕೊಟ್ಟಿದ್ದರು, ಅಂದರೆ ಕಥೆಯನ್ನು ಬಾಯಲ್ಲಿ ಹೇಳಿದ್ದರು. ಅವರು ಕೊಟ್ಟ ಸಲಹೆ, “ನಿಮ್ಮ ದಾವಣಗೆರೆ ಭಾಷೆ ಹಾಕಿ, ನೇಟಿವಿಟಿ ಬರಲಿ” ಎಂಬುದು. ಸಲಹೆ ಸದುದ್ದೇಶದ್ದೇ. ಪ್ರಾದೇಶಿಕ ಮಾತಿನ ಚಿತ್ರಗಳಿಗೆ ಕಳೆದ ದಶಕದಲ್ಲಿ ದೊರೆತ ಮನ್ನಣೆಯೂ ಅದರ ಹಿಂದಿತ್ತು. ಮಂಡ್ಯ ಸೀಮೆಯ ಹಳ್ಳಿಯವರೇ ಅಭಿನಯಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿತ್ತು. 2017ರಲ್ಲಿ ತೆರೆಕಂಡ ‘ಒಂದು ಮೊಟ್ಟೆಯ ಕಥೆ’ ಮಂಗಳೂರು ಕನ್ನಡವನ್ನು ರಾಜ್ಯದ ಉದ್ದಗಲಕ್ಕೂ ಕೇಳಿಸಿತ್ತು. ಈ ಚಿತ್ರಗಳ ಬಲ ಆಡುಮಾತಿನ ಬಳಕೆಯೊಂದರಿಂದಲೇ ಬಂದದ್ದೆಂದು ಹೊರಗಿನಿಂದ ನೋಡಿದವರಿಗೆ ತೋರುವುದು ಸಹಜ. ಆದರೆ ಆ ಮಾತು ಆಡುವವರ ಜಗತ್ತನ್ನು ಬರೆದವರು ಯಾವ ದೂರದಿಂದ, ಯಾವ ಕಣ್ಣಿನಿಂದ ನೋಡಿದ್ದರು ಎಂಬುದನ್ನು ಬಿಟ್ಟು ಆಡುಮಾತನ್ನಷ್ಟೇ ಎತ್ತಿಕೊಂಡರೆ ಕೈಗೆ ಬರುವುದು ಉಚ್ಚಾರಣೆ ಮಾತ್ರ.

ಎರಡನೆಯ ಕರಡಿನಲ್ಲಿ ಎಲ್ಲರೂ ದಟ್ಟವಾದ ಸ್ಥಳೀಯ ಮಾತಾಡತೊಡಗಿದರು. ಬೆಣ್ಣೆ ದೋಸೆ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು, ಪಿ.ಬಿ. ರಸ್ತೆ ಬಂತು. ಕೇಳಲು ಊರೇ. ಬಳಗದಲ್ಲಿ ನಾವು ಒಂದು ಪರೀಕ್ಷೆ ಮಾಡಿದೆವು. ಇದು ಚಿತ್ರಕಥೆ ಬರೆಯುವವರಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆ: ಪಾತ್ರಗಳ ಹೆಸರನ್ನು ಕಾಗದದಿಂದ ಮುಚ್ಚಿ ಮಾತನ್ನಷ್ಟೇ ಓದಿ, ಯಾರು ಆಡಿದ್ದು ಎಂದು ಊಹಿಸುವುದು. ಜಗಳದ ದೃಶ್ಯದಲ್ಲಿ ದಲಾಲಿಯ ಮಾತನ್ನು ಹಮಾಲಿಯದೆಂದೂ ರೈತನ ಮಾತನ್ನು ದುಗ್ಗವ್ವನದೆಂದೂ ಎಲ್ಲರೂ ತಪ್ಪಾಗಿಯೇ ಊಹಿಸಿದರು. ಮೊದಲ ಕರಡಿನಲ್ಲಿ ಎಲ್ಲರೂ ನಾಟಕದ ಒಬ್ಬನೇ ನಟನಂತೆ ಮಾತಾಡುತ್ತಿದ್ದರೆ, ಇಲ್ಲಿ ಎಲ್ಲರೂ ಒಂದೇ ಓಣಿಯವರಾಗಿದ್ದರು.

ದೃಶ್ಯವಿವರದ ಪಾಡು ಇದಕ್ಕಿಂತ ಕೆಟ್ಟದಿತ್ತು. ಒಂದು ಮಾದರಿ:

“ದುಗ್ಗವ್ವ ಸ್ಯಾಡ್ ಆಗಿ ನೋಡುತ್ತಾಳೆ. ಕ್ಯಾಮೆರಾ ಸ್ಲೋ ಆಗಿ ಅವಳ ಕಡೆ ಹೋಗುತ್ತೆ. ಎಮೋಷನಲ್ ಮ್ಯೂಸಿಕ್. ಕಟ್.”

ಇದನ್ನು ಓದಿ ಯಾರೂ ಆಕ್ಷೇಪಿಸಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಹಸ್ತಪ್ರತಿಯ ದೃಶ್ಯವಿವರವನ್ನು ಯಾರೂ ಓದುವುದಿಲ್ಲ ಎಂಬ ಒಪ್ಪಂದವೊಂದು ಮೌನವಾಗಿ ನಡೆದುಬಂದಿದೆ. ನಾಯಕನಟರಿಗೂ ನಿರ್ಮಾಪಕರಿಗೂ ಕಥೆ ಕಿವಿಯ ಮೂಲಕ ತಲುಪುತ್ತದೆ. ಕಾಗದ ಕೈಗೆ ಬರುವ ಹೊತ್ತಿಗೆ ಅದು ಸೀನ್‌ ಆರ್ಡರ್‌ ಆಗಿ, ಚಿತ್ರೀಕರಣದ ಅನುಕೂಲದ ಪಟ್ಟಿಯಾಗಿ ಮಾರ್ಪಟ್ಟಿರುತ್ತದೆ. ಹೀಗಾಗಿ ಬರಹಗಾರರು ತಮ್ಮ ಕನ್ನಡವನ್ನೆಲ್ಲ ಸಂಭಾಷಣೆಗೆ ಮೀಸಲಿಟ್ಟು, ದೃಶ್ಯವಿವರವನ್ನು ಯಾವ ಭಾಷೆಯೂ ಅಲ್ಲದ ಒಂದು ಸಂಕೇತದಲ್ಲಿ ಗೀಚುತ್ತಾರೆ. ಈ ಅಭ್ಯಾಸ ಬರಹಗಾರರಿಗೆ ಮಾಡುವ ಹಾನಿ ದೊಡ್ಡದು, ಏಕೆಂದರೆ ಗೀಚಿ ಬಿಟ್ಟದ್ದನ್ನು ಅವರು ನೋಡಿಯೇ ಇರುವುದಿಲ್ಲ. “ಸ್ಯಾಡ್ ಆಗಿ ನೋಡುತ್ತಾಳೆ” ಎಂದು ಬರೆದವರಿಗೆ ದುಗ್ಗವ್ವನ ಕಣ್ಣು ಆ ಕ್ಷಣದಲ್ಲಿ ಯಾವುದರ ಮೇಲಿತ್ತು ಎಂಬುದು ಗೊತ್ತಿರಲಿಲ್ಲ.

ಎಡಗಡೆಯ ಕಾಲಂ

ಮೂರನೆಯ ಕರಡಿನ ದಾರಿ ತೆರೆದದ್ದು ಕಾಗದದ ಆಕಾರದಿಂದ. ಪುಟವನ್ನು ಉದ್ದಕ್ಕೆ ಎರಡಾಗಿ ಸೀಳಿ, ಎಡಗಡೆ ಕಾಣುವುದನ್ನೂ ಬಲಗಡೆ ಕೇಳುವುದನ್ನೂ ಬರೆಯುವ ಪದ್ಧತಿ ನಮ್ಮ ಚಿತ್ರಕಥೆಗಳಲ್ಲಿ ಹಳೆಯದು. ಇಂಗ್ಲಿಷಿನ ನಮೂನೆಯಲ್ಲಿ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಅಂದಾಜು ಇದೆ. ನಮ್ಮ ಎರಡು ಕಾಲಂ ಪುಟಕ್ಕೆ ಅದು ಹೊಂದುವುದಿಲ್ಲ, ಆದರೆ ಈ ಪುಟ ಬೇರೊಂದು ವಿಷಯವನ್ನು ಬಯಲುಮಾಡುತ್ತದೆ. ಲೇಖಕಿ ಬರೆಯುತ್ತಿದ್ದದ್ದು ಅಂಗಡಿಯ ಜಮಾ-ಖರ್ಚಿನ ಉದ್ದನೆಯ ಹಾಳೆಗಳಲ್ಲಿ. ಎರಡನೆಯ ಕರಡಿನ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಬಲಗಡೆ ತುಂಬಿ ತುಳುಕುತ್ತಿತ್ತು, ಎಡಗಡೆ ಬಹುತೇಕ ಬಿಳಿಯಾಗಿತ್ತು. ಲೆಕ್ಕ ಬರೆಯುವವರಿಗೆ ಇದನ್ನು ಬೇರೆಯವರು ವಿವರಿಸಬೇಕಾಗಲಿಲ್ಲ. “ಇದು ತಾಳೆ ಆಗಲ್ಲ ಸರ್‌” ಎಂದು ಅವರೇ ಹೇಳಿದರು.

ಮುಂದೆ ಅವರು ಒಂದು ನಿಯಮ ಹಾಕಿಕೊಂಡರು. ಚೀಲ ಹರಿದ ದೃಶ್ಯವನ್ನು ಬಲಗಡೆ ಖಾಲಿ ಬಿಟ್ಟು, ಎಡಗಡೆ ಮಾತ್ರ ಬರೆಯುವುದು. ಮತ್ತು ತಾವು ಅಂಗಡಿಯ ಗಾದಿಯ ಪಕ್ಕ ಕುಳಿತು ಕಾಣಬಹುದಾದದ್ದನ್ನಷ್ಟೇ ಬರೆಯುವುದು. ಈ ಎರಡನೆಯ ಷರತ್ತು ನನ್ನ ಸಲಹೆಯಲ್ಲ, ಅವರದೇ. ಫಲಿತಾಂಶವಾಗಿ ಬಂದದ್ದು ಈ ಭಾಗ:

“ತೇವಾಂಶದ ಯಂತ್ರ 17 ತೋರಿಸುತ್ತದೆ. ರೈತ ಯಂತ್ರದ ಕಡೆ ನೋಡುವುದಿಲ್ಲ, ದಲಾಲಿಯ ಕೈಯಲ್ಲಿರುವ ಪೆನ್ನನ್ನು ನೋಡುತ್ತಾನೆ; ಪೆನ್ನು ತಕ್‌ಪಟ್ಟಿಯ ಮೇಲೆ ತಾರೀಕು ಬರೆದು, ಹೆಸರು ಬರೆದು, ಊರು ಬರೆದು, ಚೀಲದ ಕಾಲಂಗೆ ಬಂದು ನಿಲ್ಲುತ್ತದೆ. ಹೊರಗೆ ಕಸಬರಿಗೆಯ ಸದ್ದು. ಅದೂ ನಿಲ್ಲುತ್ತದೆ.”

ಇಲ್ಲಿ ದುಗ್ಗವ್ವ ಕಾಣುವುದೇ ಇಲ್ಲ. ಆದರೆ ಅವಳು ಗೋಡೆಯಾಚೆಯಿಂದ ಪೆನ್ನಿನ ಮೇಲೆಯೇ ಕಿವಿಯಿಟ್ಟಿದ್ದಾಳೆ ಎಂಬುದು ಕಸಬರಿಗೆಯ ಸದ್ದು ನಿಂತಾಗ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಕಾಳನ್ನು ನೋಡುತ್ತಿಲ್ಲ; ಎಲ್ಲರೂ ಬರೆಯುವ ಕೈಯನ್ನು ನೋಡುತ್ತಿದ್ದಾರೆ. ಈ ನೋಟ ಲೇಖಕಿಯದು. ಬರೆಯುವ ಕೈ ಅವರದೇ ಆಗಿದ್ದರಿಂದ, ದಿನವೂ ತಮ್ಮ ಕೈಯ ಮೇಲೆ ಬೀಳುವ ಕಣ್ಣುಗಳನ್ನು ಅವರು ಬಲ್ಲರು. ಹಿಂದಿನ ಎರಡು ಕರಡುಗಳಲ್ಲಿ ಈ ಅನುಭವಕ್ಕೆ ಪ್ರವೇಶವೇ ಇರಲಿಲ್ಲ. ಸಿನಿಮಾ ಎಂದರೆ ತಮ್ಮ ಕೆಲಸಕ್ಕೆ ಸಂಬಂಧವಿಲ್ಲದ್ದು ಎಂದು ಅವರು ತಿಳಿದಿದ್ದರು.

ಎಡಗಡೆ ತುಂಬಿದ ಮೇಲೆ ಬಲಗಡೆಗೆ ಬಂದ ಮಾತು ಇಷ್ಟೇ:

ದಲಾಲಿ: ಎಷ್ಟು ಚೀಲ?
ರೈತ: ನಲವತ್ತೊಂದ್ರಿ.
ದಲಾಲಿ: ನಲವತ್ತು ಬರಕಂತೀನಿ.
ರೈತ: ಒಂದು ಹರದೈತ್ರಿ ಸಾವ್ಕಾರ್ರೆ, ತೂಕ ಆದಮ್ಯಾಲೆ ಹರದೈತಿ.
ದುಗ್ಗವ್ವ (ಹೊರಗಿನಿಂದ): ಅದು ನಂದ್ರಿ.

ಹೆಸರು ಮುಚ್ಚಿ ಓದುವ ಪರೀಕ್ಷೆಯಲ್ಲಿ ಈ ಬಾರಿ ಯಾರೂ ತಪ್ಪಲಿಲ್ಲ. ಆಡುಮಾತು ಎರಡನೆಯ ಕರಡಿನದಕ್ಕಿಂತ ತೆಳುವಾಗಿದೆ. ಆದರೂ ಊರು ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ಕಾರಣವನ್ನು ಹುಡುಕಿದರೆ, ಲೇಖಕಿ ಪ್ರತಿ ಪಾತ್ರವನ್ನೂ ಅಂಕಿಯೊಂದಿಗೆ ಅದಕ್ಕಿರುವ ಸಂಬಂಧದಿಂದ ಕಟ್ಟಿಕೊಂಡಿದ್ದಾರೆ. ದಲಾಲಿ ಯಾವಾಗಲೂ ಕೆಳಗಿನ ಸಂಖ್ಯೆಗೆ ಇಳಿಸಿ ಹೇಳುತ್ತಾನೆ, ಅದೂ ತೀರ್ಮಾನವಾಗಿಹೋದ ಧಾಟಿಯಲ್ಲಿ. ರೈತ ಬಿಡಿಯನ್ನೂ ಬಿಡದೆ ನಿಖರವಾಗಿ ಹೇಳಿ, ಹೇಳಿದ್ದಕ್ಕೆ ತಾನೇ ಅಳುಕುತ್ತಾನೆ. ಹಮಾಲಿ ಚೀಲ ಎಣಿಸುವಾಗ ಹಳೆಯ ಕ್ರಮದಂತೆ ಮೊದಲನೆಯದಕ್ಕೆ “ಲಾಭ” ಎಂದೇ ಶುರುಮಾಡುತ್ತಾನೆ. ದುಗ್ಗವ್ವನ ಲೆಕ್ಕ ಸೇರಿನಲ್ಲಿ, ಕಿಲೋ ಅವಳಿಗೆ ಮಾರುವಾಗ ಮಾತ್ರ ಬೇಕಾಗುತ್ತದೆ. ಈ ಯಾವುದನ್ನೂ ಚಿತ್ರಕಥೆ ವಿವರಿಸುವುದಿಲ್ಲ. ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿ ಗಮನಿಸದೆಯೂ ಇರಬಹುದು. ಆದರೆ ನಟನಿಗೆ ಹಿಡಿದುಕೊಳ್ಳಲು ಇಂಥ ಒಂದು ಎಳೆ ಸಿಕ್ಕರೆ ಮಾತಿನ ಲಯ ತಾನಾಗಿ ಬೇರೆಯಾಗುತ್ತದೆ.

ಅನುಕರಣೆಯ ಬಗ್ಗೆಯೂ ಒಂದು ಮಾತು. ಬಳಗದ ಕಿರಿಯರೊಬ್ಬರು ಅಮೆರಿಕದ ಚಿತ್ರಕಥೆಗಾರ ವಾಲ್ಟರ್‌ ಹಿಲ್‌ 1970ರ ದಶಕದಲ್ಲಿ ರೂಢಿಸಿಕೊಂಡ, ಒಂದು ಸಾಲಿಗೆ ನಾಲ್ಕೈದೇ ಪದಗಳ ದೃಶ್ಯವಿವರದ ಮಾದರಿಯನ್ನು ತಂದು ತೋರಿಸಿದ್ದರು. ಲೇಖಕಿ ಅದನ್ನು ಕೆಲವು ದೃಶ್ಯಗಳಲ್ಲಿ ಹಾಗೆಯೇ ಅನುಸರಿಸಿ ನೋಡಿದರು. ಹಿಲ್‌ ಕೂಡ ಆ ಶೈಲಿಯನ್ನು ತಾವು ಅಲೆಕ್ಸಾಂಡರ್‌ ಜೇಕಬ್ಸ್‌ ಎಂಬ ಹಿರಿಯರ ಹಸ್ತಪ್ರತಿಯನ್ನು ಓದಿ ಕಲಿತದ್ದೆಂದು ಹೇಳಿಕೊಂಡವರು. ಆದ್ದರಿಂದ ಅನುಕರಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಇಲ್ಲಿ ಅದು ಒಗ್ಗಲಿಲ್ಲ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯವನ್ನು ತುಂಡರಿಸಿದಾಗ ಬಿಗಿ ಬರುವ ಬದಲು ಟೆಲಿಗ್ರಾಮಿನ ಬಡತನ ಬಂತು. ಆ ಪ್ರಯೋಗದಿಂದ ಉಳಿದದ್ದು ಒಂದೇ: ಹಣ ಕೈಯಿಂದ ಕೈಗೆ ಚಲಿಸುತ್ತಿರುವಾಗ ಲೇಖಕಿಯ ವಾಕ್ಯ ಉದ್ದವಾಗಿ, “ಬರೆದು, ಬರೆದು, ಬಂದು” ಎಂದು ಕೊಂಡಿ ಹಾಕಿಕೊಂಡು ಸಾಗುತ್ತದೆ, ಲೆಕ್ಕ ನಿಂತ ಕೂಡಲೇ ಎರಡು ಪದಕ್ಕೆ ಇಳಿಯುತ್ತದೆ. ಮೇಲಿನ ಭಾಗದಲ್ಲಿಯೂ ಅದೇ ಇದೆ. ಇದನ್ನು ಅವರು ಯೋಜಿಸಿ ಮಾಡಿದ್ದಲ್ಲ, ಆದರೆ ಗಮನಕ್ಕೆ ಬಂದ ಮೇಲೆ ಬೇಕೆಂದೇ ಉಳಿಸಿಕೊಂಡರು.

ನರೇಷನ್‌ ಎಂಬ ಅಡ್ಡಗೋಡೆ

ಇಷ್ಟೆಲ್ಲ ಎಡಗಡೆಯ ಕಾಲಂನಲ್ಲಿ ಕೂಡಿಟ್ಟದ್ದು ನರೇಷನ್ನಿನಲ್ಲಿ ಸೋರಿಹೋಗುವ ಅಪಾಯವಿತ್ತು. ಮೊದಲ ಬಾರಿ ಹಾಗೆಯೇ ಆಯಿತು. ಲೇಖಕಿ ಎಂದಿನಂತೆ ಕಥೆಯನ್ನು ಬಾಯಲ್ಲಿ ಹೇಳತೊಡಗಿದಾಗ ಕಂಪನಿ ನಾಟಕದ ಧಾಟಿ ತಾನಾಗಿ ಮರಳಿತು. “ಅದು ನಂದ್ರಿ” ಎಂಬಲ್ಲಿ ಅವರೇ ದನಿ ಏರಿಸಿ ಒಂದು ಸಣ್ಣ ಭಾಷಣ ಸೇರಿಸಿಬಿಟ್ಟರು. ಕೇಳಿದವರು ಭಾಷಣವನ್ನು ಮೆಚ್ಚಿದರು. ಆಮೇಲಿನ ನರೇಷನ್ನುಗಳಲ್ಲಿ ಅವರು ಹಾಳೆಯನ್ನು ಎದುರಿಗಿಟ್ಟುಕೊಂಡು, ದೃಶ್ಯವಿವರವನ್ನು ಬರೆದಂತೆಯೇ, ಅವಸರವಿಲ್ಲದೆ ಓದುವ ಕ್ರಮಕ್ಕೆ ಬದಲಾಯಿಸಿದರು. ಇದು ಉದ್ಯಮದ ರೂಢಿಗೆ ಹೊರತಾದದ್ದು, ಕೆಲವರು ಅರ್ಧಕ್ಕೆ ಮೊಬೈಲ್‌ ನೋಡತೊಡಗುತ್ತಾರೆ. ಆದರೂ ಈ ಪ್ರಕರಣದಲ್ಲಿ ನಾನು ಅವರ ನಿರ್ಧಾರದ ಪರವಾಗಿದ್ದೇನೆ. ಹೇಳುವಾಗ ಒಂದು ಚಿತ್ರ, ಬರೆಯುವಾಗ ಇನ್ನೊಂದು ಚಿತ್ರ ಮಾರುವವರು ಕೊನೆಗೆ ಮೂರನೆಯ ಚಿತ್ರವನ್ನು ತೆರೆಯ ಮೇಲೆ ನೋಡಬೇಕಾಗುತ್ತದೆ.

ಇಲ್ಲಿಯವರೆಗೆ ಯಾವ ನಿರ್ಮಾಪಕರೂ ಮುಂದೆ ಬಂದಿಲ್ಲ. ಚೀಲ ಹರಿಯುವ ಭಾಗವನ್ನಷ್ಟೇ ಕಿರುಚಿತ್ರವಾಗಿ ತೆಗೆಯಲು ಯುವ ನಿರ್ದೇಶಕರೊಬ್ಬರು ಒಪ್ಪಿದ್ದಾರೆ. ಅವರಿಗೆ ದುಗ್ಗವ್ವ ಆ ಮಾತನ್ನಾಡುವಾಗ ಮುಖ ಹತ್ತಿರದಿಂದ ಕಾಣಬೇಕು ಎಂಬ ಹಟವಿದೆ. ಲೇಖಕಿಗೆ ಅವಳು ಗೋಡೆಯಾಚೆಯೇ ಇರಬೇಕು. ಬರಹದ ದನಿ ಎಷ್ಟೇ ಗಟ್ಟಿಯಾದರೂ ಚೌಕಟ್ಟನ್ನು ಇಡುವವರು ನಿರ್ದೇಶಕರು, ಆ ಹಕ್ಕಿನ ಬಗ್ಗೆ ತಕರಾರು ಎತ್ತುವಂತಿಲ್ಲ. ಆದರೆ ಹಿಂದಿನ ಕರಡುಗಳ ಬಗ್ಗೆ ಇಂಥ ಜಗಳವೇ ಸಾಧ್ಯವಿರಲಿಲ್ಲ. ಅಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ನಡೆಯುತ್ತಿತ್ತು.

ಉಳಿದ ತೊಡಕು

ಮೂರನೆಯ ಕರಡಿನ ಅತಿ ದುರ್ಬಲ ಪಾತ್ರ ದುಗ್ಗವ್ವನ ಮಗಳು. ಅವಳು ಕಾಲೇಜಿನಲ್ಲಿ ವಾಣಿಜ್ಯ ಓದುತ್ತಾಳೆ, ತಾಯಿಯ ಲೆಕ್ಕವನ್ನು ತಿದ್ದುತ್ತಾಳೆ, ಅಂಗಳದಿಂದ ಹೊರಬರಬೇಕೆಂದು ಬಯಸುತ್ತಾಳೆ. ಲೇಖಕಿಯ ಬದುಕಿಗೆ ತೀರ ಹತ್ತಿರದ ಪಾತ್ರ. ಉಳಿದವರೆಲ್ಲ ಮೂರು ಪದಗಳಲ್ಲಿ ಮುಗಿಸುವಲ್ಲಿ ಇವಳು ತನಗೆ ಏನನಿಸುತ್ತಿದೆ ಎಂಬುದನ್ನು ಪೂರ್ಣ ವಾಕ್ಯಗಳಲ್ಲಿ ಹೇಳುತ್ತಾಳೆ. ಅವಳು ಬಂದ ದೃಶ್ಯಗಳಲ್ಲಿ ಎಡಗಡೆಯ ಕಾಲಂ ಮತ್ತೆ ಬಿಳಿಯಾಗುತ್ತದೆ. ಬೇರೆಯವರನ್ನು ಗಾದಿಯ ಪಕ್ಕದಿಂದ ನೋಡಿದ ಕಣ್ಣಿಗೆ ತನ್ನನ್ನೇ ನೋಡಲು ಎಲ್ಲಿ ಕೂರಬೇಕೆಂಬುದು ಇನ್ನೂ ತಿಳಿದಿಲ್ಲ.

ಮಗಳನ್ನು ಚಿತ್ರಕಥೆಯ ಎರಡನೆಯ ಭಾಗದಿಂದ ತೆಗೆದು, ಅವಳ ಕೈಬರಹವನ್ನು ಮಾತ್ರ ಉಳಿಸಬಹುದೆಂಬುದು ನನ್ನ ಅಭಿಪ್ರಾಯ: ದುಗ್ಗವ್ವ ಓದಲಾರದ, ಆದರೆ ಸದಾ ಸೆರಗಿನಲ್ಲಿ ಕಟ್ಟಿಕೊಂಡಿರುವ ಒಂದು ಲೆಕ್ಕದ ಚೀಟಿಯಾಗಿ. ಲೇಖಕಿ ಇದನ್ನು ಒಪ್ಪಿಲ್ಲ. ಮಗಳು ಹೋದರೆ ಅಂಗಳದ ನ್ಯಾಯವನ್ನು ಪ್ರಶ್ನಿಸುವವರೇ ಉಳಿಯುವುದಿಲ್ಲ, ದುಗ್ಗವ್ವ ರೂಢಿಯನ್ನು ಹಿಡಿದು ನಿಂತವಳೇ ಹೊರತು ಅದನ್ನು ಮುರಿಯುವವಳಲ್ಲ ಎಂಬುದು ಅವರ ವಾದ, ಮತ್ತು ಅದರಲ್ಲಿ ಹುರುಳಿದೆ. ಸದ್ಯಕ್ಕೆ ಅವರು ಮಗಳ ದೃಶ್ಯಗಳನ್ನೆಲ್ಲ ಬೇರೆ ಹಾಳೆಗಳಿಗೆ ಇಳಿಸಿಕೊಂಡು, ಬಲಗಡೆಯನ್ನು ಖಾಲಿ ಬಿಟ್ಟು, ಈ ಬಾರಿ ತಾಯಿ ಕೂರುವ ಜಾಗದಿಂದ ಅವಳನ್ನು ನೋಡಿ ಬರೆಯುತ್ತಿದ್ದಾರೆ.